ಅಣ್ಣ ಹಾಕಿದ್ದ ನೀರು

ನಮ್ಮಣ್ಣ ಕರಿಯಪ್ಪನ ಕಣ್ಣು ಹೋದದ್ದು ಅವನ ಮರೆವಿನಿಂದ ಅಲ್ಲ, ನಾನು ಆಡಿದ ಒಂದು ಸುಳ್ಳಿನಿಂದ. ಯರಗಟ್ಟಿಯ ಜನ ಇಂದಿಗೂ ಬೇರೆ ಕಥೆ ಹೇಳುತ್ತಾರೆ. ನಾನು ಎರಡನೆಯ ಇಯತ್ತೆಯವರೆಗೆ ಮಾತ್ರ ಓದಿದವಳು — ಬಂದಷ್ಟು ಬರೆಯುತ್ತೇನೆ.

ಅಣ್ಣ ಸಾವಕಾರರ ಲಾರಿ ಓಡಿಸುತ್ತಿದ್ದ. ಹತ್ತಿ ಹೇರಿಕೊಂಡು ಬೈಲಹೊಂಗಲಕ್ಕೆ ಹೋಗುವ ಲಾರಿ ನಮ್ಮ ಸುತ್ತಿನಲ್ಲಿ ಅದೊಂದೇ. ಎಂಜಿನ್ನಿನ ಮುಂದೆ ಒಂದು ಪಂಖ. ಅದನ್ನು ತಿರುಗಿಸುವುದು ತೊಗಲಿನ ಪಟ್ಟಿ. ಪಂಖದ ಗಾಳಿಯಿಂದಲೇ, ಎಂಜಿನ್ ತಣ್ಣಗಿಡುವ ಟಾಕಿಯ ನೀರು ಕುದಿಯದೆ ಇರುತ್ತದೆ ಎಂದು ಅಣ್ಣನೇ ಹೇಳಿದ್ದ. ಚಳಿಗಾಲದಲ್ಲಿ ಆ ಪಟ್ಟಿ ಸೆಡೆತು, ಮುಂಜಾನೆ ಕಿರ್ರೆನ್ನುತ್ತಿತ್ತು. ಹತ್ತಿ ಹೇರುವ ಆಳುಗಳಿಗೆ ಅದೇ ನಗೆ — "ಕರಿಯಪ್ಪ, ನಿನ್ನ ಗಾಡಿ ಹೊಸಾ ಸೊಸಿ ಹಂಗ ಅಳತೈತಲ್ಲೋ."

ನನಗೆ ತಡೆಯಲಾಗಲಿಲ್ಲ. ಬಾವಿಯಿಂದ ನೀರೆತ್ತುವ ತೊಗಲಿನ ಚೀಲ ಒಣಗಿದರೆ ನಾವು ಎಣ್ಣೆ ತಿಕ್ಕುತ್ತೇವೆ. ಇದೂ ತೊಗಲೇ ತಾನೆ ಎಂದುಕೊಂಡೆ. ಒಂದು ಮುಂಜಾನೆ ಅಣ್ಣ ಟಾಕಿಗೆ ನೀರು ಹಾಕಿ ಚಹಾಕ್ಕೆ ಒಳಗೆ ಹೋದಾಗ ಪಟ್ಟಿಗೆ ಕುಸುಬಿ ಎಣ್ಣೆ ಸವರಿದೆ. ಅವನು ಬಂದು ಹ್ಯಾಂಡಲ್ ತಿರುಗಿಸಿ ಎಂಜಿನ್ ಹೊತ್ತಿಸಿದ. ಕಿರುಗುಡುವುದು ನಿಂತಿತ್ತು. ಎಷ್ಟು ಹಿಗ್ಗಿದೆ ನಾನು — ಪಟ್ಟಿ ಜಾರುತ್ತಿದೆ, ಪಂಖ ತಿರುಗುತ್ತಲೇ ಇಲ್ಲ ಎಂದು ನನಗೆಲ್ಲಿ ಗೊತ್ತು.

ಚಳಿಯಲ್ಲಿ ನಿಲ್ಲಿಸಿದರೆ ಮತ್ತೆ ಹೊತ್ತುವುದು ಕಷ್ಟವೆಂದು, ಹೇರುವುದು ಮುಗಿಯುವ ತನಕ ಅಣ್ಣ ಎಂಜಿನ್ನನ್ನು ನಿಂತಲ್ಲೇ ನಡೆಯಲು ಬಿಟ್ಟಿದ್ದ. ಸ್ವಲ್ಪ ಹೊತ್ತಿಗೆ ಟಾಕಿಯಿಂದ ಹಬೆ ಏಳತೊಡಗಿತು. ಅವನು ಎಂಜಿನ್ ನಿಲ್ಲಿಸಿ, ಬಗ್ಗಿ, ಪಟ್ಟಿಯ ಕಡೆ ಕೈ ಚಾಚಿದ. ಹಾಗೇ ನನ್ನತ್ತ ತಿರುಗಿದ.

"ಇಂಥಾ ಥಂಡ್ಯಾಗ ನೀರ ಯಾಕ ಕುದಿಯಾಕತ್ತೈತಿ? ನೀಲವ್ವಾ, ಪಟ್ಟಿಗೆ ಏನರ ಹಚ್ಚೀಯೇನ?"

ಆಳುಗಳೆಲ್ಲ ನೋಡುತ್ತಿದ್ದರು.

"ಇಲ್ಲಣ್ಣ. ನಾ ಮುಟ್ಟೇ ಇಲ್ಲ."

ನಂಬಿದ. ಕೈ ಹಿಂದಕ್ಕೆ ತೆಗೆದುಕೊಂಡ — ಇನ್ನೊಂದು ಗೇಣು ಚಾಚಿದ್ದರೆ ಎಣ್ಣೆ ಬೆರಳಿಗೆ ಹತ್ತುತ್ತಿತ್ತು. ಹಂಗಾರ ನೀರು ಕಮ್ಮಿ ಆಗಿರಬೇಕು ಎನ್ನುತ್ತ ಟಾಕಿಯ ಮುಚ್ಚಳ ತಿರುವಿದ.

ಕುದಿನೀರು ಮುಖಕ್ಕೇ ಚಿಮ್ಮಿತು. ಅವನು ಮುಖ ಮುಚ್ಚಿಕೊಂಡು ಕುಸಿದ. ಆಳುಗಳು ಎತ್ತಿಕೊಂಡು ಓಡಿದರು. ನಾನು ಹಿಂದೆ ಉಳಿದು, ಸೆರಗಿನಿಂದ ಪಟ್ಟಿಯ ಎಣ್ಣೆ ಒರೆಸುತ್ತಿದ್ದೆ. ನಾನು ಅಂಥವಳೆಂದು ಆ ಗಳಿಗೆಯವರೆಗೆ ನನಗೇ ಗೊತ್ತಿರಲಿಲ್ಲ.

ಕಣ್ಣು ಮರಳಲಿಲ್ಲ. ನೀರು ಹಾಕಲು ಮರೆತ ಡ್ರೈವರ್ ಎಂದು ಊರು ಆಡಿಕೊಂಡಿತು. ಅಣ್ಣನೂ ಅದನ್ನೇ ನಂಬಿದ. ಆಮೇಲೆ, ಬಾಗಿಲ ಅಗಳಿ ಹಾಕಿದವನೇ ಮತ್ತೆ ಎದ್ದು ಹೋಗಿ ತಡವುತ್ತಿದ್ದ. ಬೀಡಿ ಆರಿಸಿದೆನೋ ಇಲ್ಲವೋ ಎಂದು ನನ್ನನ್ನು ಕೇಳುತ್ತಿದ್ದ — ನನ್ನನ್ನು. ಕಣ್ಣಿಲ್ಲದವರ ರೂಢಿ ಎಂದುಕೊಂಡೆ. ಹೀಗೆ ಇಬ್ಬರೂ ಮುದುಕರಾದೆವು.

ಮೊನ್ನೆ ಅವನ ಕಾಲ ಬಳಿ ಕೂತು ಎಲ್ಲ ಹೇಳಿಬಿಟ್ಟೆ. ಹೊಡೆಯಲಿ ಎಂದೇ ತಲೆ ಬಗ್ಗಿಸಿದ್ದೆ. ಅವನು ಕಣ್ಣಿನ ಮಾತೇ ಎತ್ತಲಿಲ್ಲ.

"ಹಂಗಾರ... ಅವತ್ತ ನಾ ನೀರ ಹಾಕಿದ್ನೇನ?"

"ಹಾಕಿದ್ದಿ, ಅಣ್ಣಾ. ತುಂಬಿಸಿದ್ದಿ."

ಅವನು ಅಳತೊಡಗಿದ. ನಾನು ಅವನ ಕಣ್ಣನ್ನಷ್ಟೇ ಕಳೆದಿದ್ದೇನೆ ಎಂದು ಇಷ್ಟು ವರ್ಷ ತಿಳಿದಿದ್ದೆ.