ಬರೆಯಬಾರದ ಚೌಕ

ಮೊನ್ನೆ ಮೊಮ್ಮಗಳ ಕಂಪ್ಯೂಟರಿನಲ್ಲಿ ನನ್ನದೊಂದು ಅರ್ಜಿ ತುಂಬುತ್ತಿದ್ದೆವು. ನಡುವೆ ಬೂದು ಬಣ್ಣದ ಚೌಕವೊಂದು ಬಂತು. ಎಷ್ಟು ಒತ್ತಿದರೂ ಒಳಗೆ ಅಕ್ಷರ ಇಳಿಯಲಿಲ್ಲ. "ಅದು ನಿನಗಲ್ಲ ಅಜ್ಜಿ, ಅದಕ್ಕೇ ಮಂಕು ಮಾಡಿರೋದು" ಎಂದಳು. ಮಂಕು ಮಾಡುವ ವಿದ್ಯೆಯನ್ನು ನನಗೆ ಹೇಳಿಕೊಡಲು ಬಂದಳು. ಅಂಥದೇ ಒಂದು ಚೌಕಕ್ಕಾಗಿ ನಮ್ಮ ಮನೆಯಲ್ಲಿ ಪಟ್ಟ ಪಾಡು ಅವಳಿಗೇನು ಗೊತ್ತು?

ಎಪ್ಪತ್ತರ ದಶಕದಲ್ಲಿ ದುರ್ಗದಲ್ಲಿ ಅಪ್ಪನದೊಂದು ಚಿಕ್ಕ ಪ್ರೆಸ್ ಇತ್ತು. ಮುಂದೆ ಪ್ರೆಸ್, ಹಿಂದೆ ಮನೆ. ಅಕ್ಷರದ ಮೊಳೆ ಜೋಡಿಸುತ್ತಿದ್ದವರೂ ಅಪ್ಪ, ಅಚ್ಚು ಹಾಕುತ್ತಿದ್ದವರೂ ಅಪ್ಪ. ಮದುವೆ ಪತ್ರಿಕೆ, ಬಿಲ್ ಪುಸ್ತಕ, ಕೈಲಾಸ ಸಮಾರಾಧನೆಯ ಕಾರ್ಡು, ಇವೇ ಕೆಲಸ. ಜೊತೆಗೆ ಮೇಷ್ಟರಾಗುವವರಿಗೆ ತರಬೇತಿ ಕೊಡುವ ಒಂದು ಸಂಸ್ಥೆಯ ಅರ್ಜಿ ನಮೂನೆ. ಅದರ ನೆತ್ತಿಯಲ್ಲಿ ಕಚೇರಿಯವರು ನಂಬರು ಹಾಕಿಕೊಳ್ಳಲು ಒಂದು ಖಾಲಿ ಚೌಕವಿತ್ತು. ಕೆಳಗೆ "ಇಲ್ಲಿ ಬರೆಯಬಾರದು" ಎಂದೂ ಇತ್ತು. ಆದರೆ ಹಾಳೆ ಕೈಗೆ ಸಿಕ್ಕರೆ ನೆತ್ತಿಯಲ್ಲಿ "ಶ್ರೀ" ಬರೆಯದೆ ನಮ್ಮ ಜನ ಮುಂದಕ್ಕೆ ಹೋಗುವವರಲ್ಲ. ಹೊಸದುರ್ಗದಿಂದ ಬಂದ ಅರ್ಜಿಯಲ್ಲೂ ಶ್ರೀ, ಹಿರಿಯೂರಿನಿಂದ ಬಂದದ್ದರಲ್ಲೂ ಶ್ರೀ. ಆ ಕಚೇರಿಯ ಗುಮಾಸ್ತರು ಪ್ರೆಸ್ಸಿಗೇ ಬಂದು ರೇಗಿದರು.

"ನೋಡಿದ ಕೂಡ್ಲೆ ಈ ಚೌಕ ಮುಚ್ಚೈತೆ ಅಂತ ಗೊತ್ತಾಗ್ಬೇಕು ಕಣ್ರಿ. ಹಂಗೆ ಮಾಡಿಕೊಡ್ರಿ" ಎಂದರು. ಚೌಕದಲ್ಲಿ ಏನಾದರೂ ಗುರುತಿರುವ ಅರ್ಜಿಯನ್ನು ತಿರಸ್ಕರಿಸಲಾಗುವುದು ಎಂಬ ಸಾಲನ್ನೂ ಸೇರಿಸಲು ಹೇಳಿದರು.

ಅಪ್ಪ ಮೊದಲು ಸುತ್ತಲೂ ದಪ್ಪ ಕಪ್ಪು ಅಂಚು ಕೊಟ್ಟು ನೋಡಿದರು. ಅವ್ವನಿಗೆ ಓದು ಬಾರದು, ಆದರೆ ಸಾವಿನ ಕಾರ್ಡಿನ ಅಂಚು ಗೊತ್ತಿತ್ತು. "ಯಾರು ತೀರ್ಕಂಡ್ರು?" ಎಂದು ಕೇಳಿದಳು. ಅಂಚನ್ನು ಕೈಬಿಟ್ಟರು.

ಆಗ ಅಕ್ಕ ಮನೆಯಲ್ಲೇ ಇದ್ದಳು. ಅವಳನ್ನು ರಾಮಗಿರಿಗೆ ಕೊಟ್ಟಿತ್ತು. ಮದುವೆಯಾದ ಮರುವರ್ಷವೇ ಭಾವ ಜ್ವರದಲ್ಲಿ ಹೋದರು. ವಾಪಸು ಬಂದವಳು ಪ್ರೆಸ್ಸಿನ ಮೂಲೆಯಲ್ಲಿ ಪ್ರೂಫ್ ನೋಡುತ್ತ ಕೂರುತ್ತಿದ್ದಳು. ಗಂಡ ಹೋದವಳ ಹಣೆಗೆ ವಿಭೂತಿ ಉಂಟು, ಕುಂಕುಮವಿಲ್ಲ. ಈ ಕಟ್ಟಳೆ ಮಾಡಿದವರ ಮೇಲೆ ನನಗೆ ಇಂದಿಗೂ ಸಿಟ್ಟಿದೆ. ಅವ್ವ ದಿನಾ ಬೆಳಿಗ್ಗೆ ನನ್ನ ಹಣೆಗೆ ಕುಂಕುಮ ಇಟ್ಟು, ಬೆರಳನ್ನು ಸೆರಗಿಗೆ ಒರೆಸಿಕೊಂಡು, ಅಕ್ಕನ ಕಡೆ ನೋಡದೆ ಒಳಗೆ ಹೋಗುತ್ತಿದ್ದಳು.

ಅಪ್ಪನ ಪೇಚಾಟ ನೋಡಿ ಅಕ್ಕನೇ ಹೇಳಿದಳು: "ಕಪ್ಪು ಬೇಡ ಅಪ್ಪಾಜಿ, ಖಾಲೀನೂ ಬೇಡ. ಐತೆ, ಆದ್ರೆ ನಮಗಲ್ಲ, ಅನ್ನಂಗೆ ಕಾಣ್ಬೇಕು."

ಅಪ್ಪ ಅವಳ ಮುಖ ನೋಡಿದರು. ಗೆರೆ ಹೊಡೆಯುವ ತೆಳು ಪಟ್ಟಿಗಳನ್ನು ಒತ್ತೊತ್ತಾಗಿ ಅಡ್ಡಡ್ಡ ಜೋಡಿಸಿ, ಮಸಿ ಕಡಿಮೆ ಮಾಡಿ ಒತ್ತಿದರು. ಚೌಕ ಬೂದಾಗಿ ಬಂತು. ಆಮೇಲೆ ಯಾರೂ ಅದರಲ್ಲಿ ಶ್ರೀ ಬರೆಯಲಿಲ್ಲ. ಗುಮಾಸ್ತರು ಮೆಚ್ಚಿ ಚಹಾ ಕುಡಿದು ಹೋದರು.

ಆ ವರ್ಷ ಅಕ್ಕನೂ ತರಬೇತಿಗೆ ಅರ್ಜಿ ಹಾಕಿದಳು. ಮುಂದಿನ ವರ್ಷಕ್ಕೆ ಅವಳ ವಯಸ್ಸು ಮೀರುತ್ತಿತ್ತು, ಈಗಿಲ್ಲದಿದ್ದರೆ ಇನ್ನಿಲ್ಲ. ಟೀಚರಾಗಿ ಯಾವುದಾದರೂ ಹಳ್ಳಿಯಲ್ಲಿ ಬೇರೆ ಮನೆ ಮಾಡಿದರೆ ನನ್ನನ್ನೂ ಕರೆದುಕೊಂಡು ಹೋಗುವೆನೆಂದಿದ್ದಳು. ನಾನು ಆ ಮನೆಗೆ ಪರದೆಯ ಬಣ್ಣವನ್ನೂ ಆರಿಸಿಟ್ಟಿದ್ದೆ. ಅಕ್ಕ ತುಂಬಿದ ಅರ್ಜಿಯನ್ನು ಅವ್ವ ದೇವರ ಜಗಲಿಯ ಮೇಲಿಟ್ಟು ಪೂಜೆ ಮಾಡಿ, ತಾನೇ ಮಡಚಿ, ಲಕೋಟೆಗೆ ಹಾಕಿ ಅಂಟಿಸಿ ಕೊಟ್ಟಳು. ಅರ್ಜಿ ಅಂಚೆಯಲ್ಲೇ ಬರಬೇಕೆಂಬ ನಿಯಮವಿತ್ತು, ಅಪ್ಪ ಅಂಚೆಗೆ ಹಾಕಿ ಬಂದರು.

ಕೊನೆಯ ದಿನ ಕಳೆದ ಮೇಲೆ ಅರ್ಜಿ ತಿರುಗಿ ಬಂತು. ಬೂದು ಚೌಕದ ನಟ್ಟನಡುವೆ ಕುಂಕುಮದ ಬೊಟ್ಟಿತ್ತು. ಅಪ್ಪ ಕಚೇರಿಗೆ ಓಡಿದರು, ನಾನೂ ಹಿಂದೆಯೇ ಹೋದೆ.

"ಏನೂ ಬರೆದಿಲ್ಲ ಸ್ವಾಮಿ. ಕುಂಕುಮ ಇಟ್ಟಿರದು ಅಷ್ಟೆ."

"ಬರೆದ್ರೂ ಅಷ್ಟೆ, ಇಟ್ರೂ ಅಷ್ಟೆ. ನೀವೇ ಅಚ್ಚು ಹಾಕಿರೋ ಸಾಲು ಓದ್ಕಳ್ರಿ" ಎಂದರು, ನಮ್ಮ ಮನೆಯ ಚಹಾ ಕುಡಿದಿದ್ದ ಅದೇ ಗುಮಾಸ್ತರು.

ಮನೆಗೆ ಬಂದ ಅಪ್ಪ ಅವ್ವನ ಮೇಲೆ ಕೂಗಾಡಿದರು. ಅವರು ಅಷ್ಟು ಕೂಗಿದ್ದನ್ನು ನಾನು ಕೇಳಿರಲಿಲ್ಲ. ಅವ್ವ ಗೋಡೆಗೆ ಒರಗಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಳು.

"ಅಡ್ಡಡ್ಡ ಗೆರೆ ಕಂಡ್ವು. ವಿಭೂತಿ ಬಳಿದ ಹಣೆ ನೋಡಿದಂಗಾತು" ಎಂದಳು. "ಇವಳ ಹಣೆಗಂತೂ ಇಡಂಗಿಲ್ಲ. ಇಲ್ಲಾದ್ರೂ ಇಡಾಣ ಅಂತ ಇಟ್ಟೆ."

ನನಗೆ ಅಳು ಬಂತು. ಅಕ್ಕ ಅಳಲಿಲ್ಲ. ಅರ್ಜಿಯನ್ನು ಕೈಗೆ ತೆಗೆದುಕೊಂಡು ಆ ಬೊಟ್ಟನ್ನು ಸ್ವಲ್ಪ ಹೊತ್ತು ನೋಡಿದಳು.

"ದುಂಡಗೆ ಇಟ್ಟೀಯ ಕಣವ್ವ" ಎಂದಳು.

ಮೊಮ್ಮಗಳ ಕಂಪ್ಯೂಟರಿನ ಚೌಕವೇ ವಾಸಿ, ಕೈಯನ್ನು ತಡೆಯುತ್ತದೆ. ಅಪ್ಪನ ಚೌಕಕ್ಕೆ ಅವ್ವನ ಬೆರಳನ್ನು ತಡೆಯಲಾಗಲಿಲ್ಲ. ಅಕ್ಕ ಮತ್ತೆ ಯಾವ ಅರ್ಜಿಯನ್ನೂ ಹಾಕದೆ ಪ್ರೆಸ್ಸಿನ ಅದೇ ಮೂಲೆಯಲ್ಲಿ ಉಳಿದಳು. ವರ್ಷಕ್ಕೊಮ್ಮೆ ಆ ನಮೂನೆ ಅಚ್ಚಿಗೆ ಬಂದಾಗ ಅದರ ಪ್ರೂಫ್ ನೋಡುತ್ತಿದ್ದವಳೂ ಅವಳೇ.