ಹಿಂದಿನ ಸಾಲಿನ ಮುಖಗಳು

ಮೊನ್ನೆ ಹಳೆಯ ಕ್ಯಾಮೆರಾ ಚೀಲ ಕೊಡವುವಾಗ ಒಂದು ಲೆನ್ಸಿನ ಬಳೆಗೆ ಬೆರಳು ಅಂಟಿಕೊಂಡಿತು. ಗಾಯಕ್ಕೆ ಹಚ್ಚುವ ಪ್ಲಾಸ್ಟರಿನ ಅಂಟು. ಪ್ಲಾಸ್ಟರ್ ಇರಲಿಲ್ಲ. ಅದನ್ನು ಕಿತ್ತವನು ನಾನೇ...

ನಲವತ್ತೆರಡನೆಯ ವಯಸ್ಸಿನಲ್ಲಿ ಕೆಲಸಕ್ಕೆ ದೀರ್ಘ ರಜೆ ಹಾಕಿ, ಫೋಟೋಗ್ರಫಿಯನ್ನು ಕಲೆಯಾಗಿ ಕಲಿಯಲು ಮಣಿಪಾಲದ ದೊಡ್ಡ ವಿಶ್ವವಿದ್ಯಾಲಯಕ್ಕೆ ಸೇರಿದ್ದೆ. ಪಾಲಕರ ಸಭೆಗೆ ಬಂದವನೆಂದು ಯಾರಾದರೂ ತಿಳಿದಾರೆಂದು ಹೆದರುತ್ತ, ಮಗಳ ಪ್ರಾಯದವರ ನಡುವೆ ಕುಳಿತು, ‘ಮಸುಕು ಕೂಡ ಒಂದು ಭಾಷೆ’ ಎಂಬಂಥ ಮಾತುಗಳನ್ನು ಬರೆದುಕೊಳ್ಳುತ್ತಿದ್ದೆ. ಕೊನೆಯ ವರ್ಷದ ಪ್ರದರ್ಶನಕ್ಕೆ ‘ಶೋಕ’ ಎಂಬ ವಿಷಯ ಆರಿಸಿ, ಕಾಪುವಿನ ಒಬ್ಬ ಸ್ಟುಡಿಯೋದವರ ಬೆನ್ನು ಹಿಡಿದೆ. ಕ್ರಿಶ್ಚಿಯನ್ ಹಿರಿಯರಾದ್ದರಿಂದ ಊರ ರೂಢಿಯಂತೆ ಪೊರ್ಬುಗಳೆಂದೇ ಕರೆಯುತ್ತಿದ್ದೆ. ಸಾವಿನ ಮನೆಯಲ್ಲಿ, ಶವಪೆಟ್ಟಿಗೆಯ ಸುತ್ತ ಕುಟುಂಬವನ್ನು ನಿಲ್ಲಿಸಿ ತೆಗೆಯುವ ಫೋಟೋಗೆ ಅವರೇ ಬೇಕಿತ್ತು.

ಒಬ್ಬ ಅಜ್ಜಿ ತೀರಿಕೊಂಡ ದಿನ ಪೊರ್ಬುಗಳ ಮೊಣಕಾಲು ಊದಿತ್ತು. ಅಜ್ಜಿಯ ಹಿರಿಮಗನಿಗೆ ಕುವೈತಿನಿಂದ ಬರಲಾಗಿರಲಿಲ್ಲ, ಫೋಟೋ ಅವನಿಗಾಗಿ. ಪೊರ್ಬುಗಳು ತಮ್ಮ ಕ್ಯಾಮೆರಾ ನನಗೆ ಕೊಟ್ಟು ಹೇಳಿದರು: “ಈ ಪ್ಲಾಸ್ಟರ್ ಮುಟ್ಟಬೇಡ ಮಾರಾಯ. ಹಿಂದಿನ ಸಾಲಿನವರೂ ಸ್ಪಷ್ಟ ಬರ್ಲಿಕ್ಕೆ ಲೆನ್ಸಿನ ಕಿಂಡಿ ಸಣ್ಣ ಮಾಡಿ ಹನ್ನೊಂದರಲ್ಲಿ ಅಂಟಿಸಿದ್ದು.”

ಮುಟ್ಟಿದೆ. ಕಿಟಕಿಯ ಬೆಳಕು ಅಜ್ಜಿಯ ಮುಖದ ಮೇಲೆ ಅಷ್ಟು ಚೆನ್ನಾಗಿ ಬಿದ್ದಿತ್ತು! ಪ್ಲಾಸ್ಟರ್ ಕಿತ್ತು, ಲೆನ್ಸನ್ನು ಪೂರ್ತಿ ತೆರೆದು ಐದು ಬಾರಿ ಒತ್ತಿದೆ. ಪೆಟ್ಟಿಗೆ ಇಗರ್ಜಿಗೆ ಹೊರಟಿತು. ನಾನು ಹೆಮ್ಮೆಯಿಂದ ಸ್ಟುಡಿಯೋಗೆ ಹೊರಟೆ.

ಕಂಪ್ಯೂಟರಿನಲ್ಲಿ ಅಜ್ಜಿಯ ರೆಪ್ಪೆಗಳನ್ನೂ ಎಣಿಸಬಹುದಿತ್ತು. ಹಿಂದೆ ನಿಂತ ಮಕ್ಕಳು, ಸೊಸೆಯಂದಿರು, ಮೊಮ್ಮಕ್ಕಳು ಎಲ್ಲರೂ ಕರಗಿದ ಮೇಣ.

“ಎಂತ ಇದು?” ಪೊರ್ಬುಗಳು ಕೇಳಿದರು.

“ಗಮನವೆಲ್ಲ ಅಮ್ಮನ ಮೇಲೆ ಇರಲಿ ಅಂತ...”

“ಅಮ್ಮ ಹೋಗಿ ಆಯ್ತು. ಕುವೈತಿನ ಮಗನಿಗೆ ನೋಡ್ಲಿಕ್ಕೆ ಬೇಕಾದದ್ದು ಉಳಿದವರನ್ನು ಅಲ್ವಾ? ಗಾಡಿ ತೆಗಿ.”

ಒಂದು ಲಾರಿ ಕಂಡರೆ ರಸ್ತೆ ಬಿಟ್ಟು ಇಳಿಯುವ ನಾನು, ಅಂದು ಹೆದ್ದಾರಿಯ ಲಾರಿಗಳ ನಡುವೆ ಸ್ಕೂಟರ್ ನುಗ್ಗಿಸಿದೆ. “ಮಣ್ಣು ಬಿದ್ದರೆ ಮುಗೀತು” ಎಂದು ಹಿಂದಿನ ಸೀಟಿನಿಂದ ಎರಡು ಸಲ ಕೇಳಿಸಿತು. ಇಗರ್ಜಿ ತಲುಪುವಾಗ ಪೂಜೆ ಮುಗಿದು, ಮುಚ್ಚಿದ ಪೆಟ್ಟಿಗೆ ಸ್ಮಶಾನದ ಗುಂಡಿಯ ಪಕ್ಕದಲ್ಲಿತ್ತು.

ಪೊರ್ಬುಗಳು ಕುಂಟುತ್ತ ಹೋಗಿ ಎಲ್ಲರಿಗೂ ಕೇಳುವಂತೆ ಹೇಳಿದರು: “ಫೋಟೋ ಹಾಳಾಗಿದೆ. ಕ್ಯಾಮೆರಾ ಹೊಂದಿಸಿ ಕೊಟ್ಟವ ನಾನು. ಕಣ್ಣು ಮಂಜು, ಕಾಣಲಿಲ್ಲ. ಎರಡು ನಿಮಿಷ ತೆರೆದುಕೊಡಿ.”

ಎಲ್ಲರೂ ನನ್ನತ್ತ ನೋಡಿದರು. ನಾನು ನನ್ನ ಚಪ್ಪಲಿ ನೋಡಿದೆ. ಯಾರೋ ಗೊಣಗಿದರು. ಪಾದ್ರಿಗಳು ತಲೆಯಾಡಿಸಿದ ಮೇಲೆ ಮುಚ್ಚಳ ತೆರೆಯಿತು.

ಅಲ್ಲಿ ಎರಡನೆಯ ಸಲ ತೆಗೆದ ಫೋಟೋ ಕುವೈತಿಗೆ ಹೋಯಿತು. ‘ಪೊರ್ಬುಗಳಿಗೆ ಕಣ್ಣು ಕಾಣುವುದಿಲ್ಲ’ ಎಂಬ ಮಾತು ಊರಿಡೀ ಹೋಯಿತು. ಮದುವೆಗಳಿಗೆ ಕರೆ ನಿಂತಿತು. ವರ್ಷದೊಳಗೆ ಸ್ಟುಡಿಯೋ ಮುಚ್ಚಿ, ಲೆನ್ಸನ್ನು ನನಗೆ ಕೊಟ್ಟರು. ಇತ್ತ ನಾನು ಆ ಮಸುಕು ಚಿತ್ರವನ್ನೇ ಪ್ರದರ್ಶನಕ್ಕಿಟ್ಟಿದ್ದೆ. ‘ಧೈರ್ಯದ ಕೃತಿ’ ಎಂದರು ಪ್ರಾಧ್ಯಾಪಕರು. ನಿಜ ಹೇಳಿದರೆ ಅಂಕ ಹೋದೀತೆಂದು ಮೊದಲು ಸುಮ್ಮನಿದ್ದೆ. ಆಮೇಲೆ, ತಡವಾಯಿತೆಂದು...

ಪೊರ್ಬುಗಳು ತೀರಿಕೊಂಡು ಎರಡು ವರ್ಷವಾಯಿತು. ನಿನ್ನೆ ಅವರ ಮನೆಗೆ ಹೋಗಿ, ದಾರಿಯುದ್ದಕ್ಕೂ ಬಾಯಿಪಾಠ ಮಾಡಿದ ತಪ್ಪೊಪ್ಪಿಗೆಯನ್ನು ಅವರ ಹೆಂಡತಿಯೆದುರು ಒಪ್ಪಿಸಿದೆ.

“ಗೊತ್ತುಂಟು,” ಅಂದರು. “ಕೊನೆಯವರೆಗೂ ನನ್ನ ಸೂಜಿಗೆ ನೂಲು ಹಾಕಿಕೊಡ್ತಿದ್ದದ್ದು ಅವರೇ.” ಮತ್ತೆ ಕೇಳಿದರು: “ಅವರು ಇರುವಾಗ ಒಮ್ಮೆ ಬರ್ಲಿಕ್ಕೆ ಎಂತ ಆಗಿತ್ತು ನಿಮಗೆ?”

ಹೆದರಿಕೆಯಾಗಿತ್ತು ಎನ್ನಲೂ ಹೆದರಿಕೆಯಾಯಿತು.