ಗಾಜಿನ ಮೇಲೆ ನಡೆಯುವ ಚುಕ್ಕೆ

ದಾಂಡೇಲಿಯ ಕಾಗದದ ಮಿಲ್ಲಿನಲ್ಲಿ ಪುಂಡಲೀಕನದು ಒಂದೇ ಕೆಲಸ: ಹಾಳೆಯನ್ನು ಬೆಳಕಿಗೆ ಹಿಡಿದು ಕಪ್ಪು ಚುಕ್ಕೆ ಹುಡುಕುವುದು. ಒಂದಲ್ಲ ಎರಡಲ್ಲ, ಮೂವತ್ತೆರಡು ವರ್ಷ! ಚುಕ್ಕೆ ಕಂಡಿತೋ, ಹಾಳೆ ಪಕ್ಕಕ್ಕೆ. "ಪುಂಡಲೀಕನ ಕಣ್ಣ ತಪ್ಪಿಸಿ ಇರುವಿನೂ ಹೋಗೂದಿಲ್ಲ" ಎಂದು ಜೊತೆಯವರು ಅನ್ನುತ್ತಿದ್ದರು. ನಿವೃತ್ತನಾದ ಮೇಲೆ ಆ ಮಾತೇ ಅವನ ಆಸ್ತಿ. ಅದೂ ಹೋದರೆ ತನ್ನದೆಂಬುದು ಏನುಳಿಯಿತು ಎಂಬ ಅಂಜಿಕೆ ಒಳಗೊಳಗೇ ಇತ್ತು.

ಅಂಥವನ ಮನೆಯ ಮೀನಿನ ತೊಟ್ಟಿಯ ಗಾಜಿನ ಮೇಲೆ ಒಂದು ಮುಂಜಾನೆ ಕಂದು ಚುಕ್ಕೆಗಳು. ಒರೆಸಲು ಹೋದರೆ, ಎಲಾ ಇವನ, ಚುಕ್ಕೆ ನಡೆಯತೊಡಗಿತು! ಭೂತಗನ್ನಡಿ ಹಿಡಿದು ನೋಡಿದ. ಬಸವನಹುಳು. ಕೆಲವೇ ವಾರಗಳಲ್ಲಿ ಹತ್ತು ಇದ್ದದ್ದು ನೂರಾಯಿತು. ಮೀನುಗಳನ್ನು ತಿಂದುಬಿಟ್ಟರೆ? ಎರಡನ್ನು ಗುಳಿಗೆಯ ಡಬ್ಬಿಯಲ್ಲಿ ಹಾಕಿಕೊಂಡು, ಸಾಕುವ ಮೀನು ಮಾರುವ ನದೀಮನ ಅಂಗಡಿಗೆ ಹೋದ.

ನದೀಮ ಒಂದನ್ನು ಅಂಗೈ ಮೇಲಿಟ್ಟು, ಚಿಪ್ಪಿನ ಚೂಪು ತುದಿ ಮೇಲೆ ಬರುವಂತೆ ಹಿಡಿದ. "ಚಿಪ್ಪಿನ ಬಾಯಿ ಯಾವ ಕಡೆ ಐತಿ ನೋಡ್ರಿ, ಕಾಕಾ."

"ಎಡಕ್ಕ."

"ಹಂಗಾರ ಅಂಜಬ್ಯಾಡ್ರಿ. ಈ ಎಡಬಾಯಿ ಜಾತಿಯವು ಮೀನದ ತಂಟೆಕ್ಕ ಹೋಗೂದಿಲ್ಲ. ಪಾಚಿ, ಮೀನಕ್ಕ ಹಾಕಿ ಉಳದ ಕಾಳು ತಿಂತಾವು. ತೊಟ್ಟಿಗೆ ಅಂತ ನೀವು ಇಲ್ಲಿಂದ ಒಯ್ದ ನೀರಗಿಡದ ಎಲಿ ಕೆಳಗ ಲೋಳಿಯಂಥಾ ತತ್ತಿ ಇದ್ದಿರಬೇಕು."

ಪುಂಡಲೀಕನ ಮುಖ ಸಣ್ಣದಾಯಿತು. ಆ ಎಲೆಗಳನ್ನು ಅವನೇ ಒಂದೊಂದಾಗಿ ನೋಡಿ ನೀರಿಗೆ ಬಿಟ್ಟಿದ್ದ.

"ಆದ್ರ ಇಷ್ಟ್ಯಾಕ ಹುಟ್ಟ್ಯಾವು ಅಂದ್ರ, ಮನ್ಯಾಗ ಯಾರೋ ದಿನಾ ಮೂರ್ನಾಕ ಸಲ ಕಾಳು ಹಾಕ್ತಾರ್ರಿ."

ಯಾರೋ ಏನು ಬಂತು, ಸಕ್ಕುಬಾಯಿಯೇ! ಮನೆಗೆ ಬಂದವನು ಹೆಂಡತಿಯ ಮೇಲೆ ಹರಿಹಾಯ್ದ. "ನಿನ್ನ ಕೈಗೆ ಅಳತಿನ ಇಲ್ಲ. ಇವತ್ತಿನಿಂದ ಕಾಳಿನ ಡಬ್ಬಿ ಮುಟ್ಟಬ್ಯಾಡ!" ತನ್ನ ಬೆನ್ನು ತನಗೆ ಕಾಣದು ಅನ್ನುವುದು ಸುಳ್ಳಲ್ಲ. ಬೈಯುತ್ತ ಬೈಯುತ್ತಲೇ ಡಬ್ಬಿ ತೆಗೆದು ತೊಟ್ಟಿಗೆ ಒಂದು ಚಿಟಿಕೆ ಕಾಳು ಹಾಕಿದ.

ಸಕ್ಕುಬಾಯಿ ಕೈಯ ಹಿಟ್ಟು ಕೊಡವಿದಳು. "ಮುಂಜಾನಿಂದ ಇದು ಮೂರನೇ ಸಲ ರೀ."

"ಏನಂದಿ?"

"ನಾ ಆ ಡಬ್ಬಿ ಮುಟ್ಟಿ ಎರಡ ತಿಂಗಳಾತು. ನೀವ ಹಾಕ್ತೀರಿ, ಮರೀತೀರಿ, ಮತ್ತ ಹಾಕ್ತೀರಿ."

"ಮತ್ತ ಹೇಳಬಾರದಿತ್ತೇನ?"

"ಹೆಂಗ ಹೇಳ್ಲಿ? ನಿಮಗ ಗೊತ್ತಾದ್ರ ನೀವು ಕುಸದ ಬಿಡ್ತೀರಿ ಅಂತ ಸುಮ್ಮನಿದ್ದೆ."

ಪುಂಡಲೀಕ ತೊಟ್ಟಿಯ ಮುಂದೆ ಕೂತುಬಿಟ್ಟ. ಚುಕ್ಕೆ ಬಿದ್ದ ಹಾಳೆಯನ್ನು ಏನು ಮಾಡುತ್ತಾರೆಂಬುದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅವನಿಗೆ ನಿಜಕ್ಕೂ ಹೆದರಿಕೆಯಾಯಿತು. ಎದ್ದು ಡಬ್ಬಿಯನ್ನು ಅವಳ ಕೈಗೆ ಕೊಟ್ಟ. "ನೀನ ಇಟ್ಕೋ."

ಮರುದಿನ ಚಹಾ ಕುಡಿಯುತ್ತ ಕೇಳಿದ, "ಮೀನಕ್ಕ ಕಾಳು ಹಾಕಿದೇನ?"

"ಹಾಕೇನ್ರೀ."

ಸ್ನಾನ ಮುಗಿಸಿ ಬಂದು ಮತ್ತೆ ಕೇಳಿದ. "ಹಾಕೇನ್ರೀ" ಅಂದಳು.

ಊಟಕ್ಕೆ ಕೂತಾಗ ಮತ್ತೊಮ್ಮೆ ಕೇಳಿದ. ಸಕ್ಕುಬಾಯಿ ಅವನ ತಾಟಿಗೆ ರೊಟ್ಟಿ ಹಾಕಿ, ಈಗಷ್ಟೇ ಮೊದಲ ಸಲ ಕೇಳಿದನೇನೋ ಎಂಬಂತೆ ಹೇಳಿದಳು, "ಹಾಕೇನ್ರೀ."